ಕೊರವ ಹೊಡೆಯುತ್ತೆ, ಗಾಳಕ್ಕೆ ಬೀಳಲ್ಲ: ಲೂರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕೃತಕ ಎರೆಗಳ, ಅಂದರೆ ಲೂರ್‌ಗಳ ಬಗ್ಗೆಯೇ ಇವೆ, ಅದರಲ್ಲೂ ಬಣ್ಣದ ಬಗ್ಗೆ. ಅಂಗಡಿಯಲ್ಲಿ ಕಣ್ಣಿಗೆ ಮೊದಲು ಬೀಳೋದು ಬಣ್ಣ, ನಿಜ. ಆದರೆ ಆರಿಸುವ ಕ್ರಮ ಅದಲ್ಲ. ಮೀನು ಏನು ತಿನ್ನುತ್ತೆ, ನೀರಿನ ಯಾವ ಮಟ್ಟದಲ್ಲಿ ನಿಂತಿರುತ್ತೆ ಅನ್ನೋದು ಮೊದಲು. ಆಮೇಲೆ ಲೂರ್‌ನ ತೂಕ, ಅದಾದ ಮೇಲೆ ಕೊಕ್ಕೆ. ಬಣ್ಣ ಕಟ್ಟಕಡೆಗೆ. ಕೆಳಗಿನ ಉತ್ತರಗಳನ್ನು ಓದುವಾಗ ಈ ಕ್ರಮ ನೆನಪಿರಲಿ.

ನಮ್ಮೂರ ಕೆರೆಯಲ್ಲಿ ಕಪ್ಪೆ ಲೂರ್‌ಗೆ ಕೊರವ ಮೀನು ದಬಾರ್ ಅಂತ ಹೊಡೆಯುತ್ತೆ. ಎಳೆದರೆ ಬರೀ ಕಪ್ಪೆ ವಾಪಸ್ ಬರುತ್ತೆ. ಆರು ಅಡಿಯ ಮೀಡಿಯಂ ರಾಡ್, 12 ಪೌಂಡ್ ಭಾರ ತಡೆಯುವ ನೈಲಾನ್ ದಾರ ಬಳಸುತ್ತಿದ್ದೇನೆ. ಕೊಕ್ಕೆ ಮೊಂಡಾಗಿದೆಯಾ?
– ಮಂಡ್ಯ ಜಿಲ್ಲೆಯ ಓದುಗರು

ಕೊಕ್ಕೆಗಿಂತ ಮೊದಲು ದಾರ ನೋಡಿ. ಒಳಗೆ ಟೊಳ್ಳಿರುವ ಕಪ್ಪೆಯಲ್ಲಿ ಎರಡು ಕೊಕ್ಕೆಗಳ ಮೊನೆ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತವೆ. ಅದಕ್ಕೇ ಅದು ಅಂತರಗಂಗೆ, ತಾವರೆ ಎಲೆಯ ಮೇಲೆಲ್ಲ ಜಾರಿಕೊಂಡು ಬರುತ್ತೆ, ಕಳೆ ಸಿಕ್ಕಿಸಿಕೊಳ್ಳಲ್ಲ. ಮೀನಿನ ಬಾಯಲ್ಲಿ ಕಪ್ಪೆಯ ಮೈ ಅಪ್ಪಚ್ಚಿಯಾದಾಗ ಮಾತ್ರ ಮೊನೆ ಹೊರಗೆ ಬರೋದು. ಹಾಗೆ ಬಂದ ಮೊನೆಯನ್ನು ಕೊರವನ ಗಟ್ಟಿ ದವಡೆಗೆ ನಾಟಿಸಲು ಒಂದೇ ಏಟಿಗೆ ಜೋರು ಬೇಕು. 20 ಮೀಟರ್ ದೂರದಲ್ಲಿ ಮೀನು ಹೊಡೆದಾಗ ನೀವು ಎಳೆದ ಎಳೆತದ ಬಹುಪಾಲು ನೈಲಾನ್ ದಾರ ಹಿಗ್ಗೋದರಲ್ಲೇ ಮುಗಿದುಹೋಗುತ್ತೆ. ಉಳಿದದ್ದನ್ನು ಮೆದು ರಾಡ್ ಬಾಗಿ ನುಂಗುತ್ತೆ.

40ರಿಂದ 50 ಪೌಂಡಿನ ಬ್ರೇಡ್ ದಾರ (ಎಳೆ ಹೆಣೆದದ್ದು, ಹಿಗ್ಗಲ್ಲ) ಹಾಕಿ, ಲೀಡರ್ (ತುದಿಗೆ ಸೇರಿಸುವ ಬೇರೆ ದಾರದ ತುಂಡು) ಇಲ್ಲದೆ ನೇರವಾಗಿ ಕಪ್ಪೆಗೇ ಪಾಲೋಮರ್ ಗಂಟು ಕಟ್ಟಿ. ಮೀನು ಕಳೆಯ ಮೇಲಿನ ಎರೆಯನ್ನು ಕೆಳಗಿಂದ ನೋಡುತ್ತೆ, ದಾರ ಕಾಣುತ್ತೆ ಅನ್ನೋ ಚಿಂತೆ ಇಲ್ಲಿ ಬೇಡ. ರಾಡ್ ಆರೂವರೆಯಿಂದ ಏಳು ಅಡಿ, ಮೀಡಿಯಂ ಹೆವಿ, ಅಂದರೆ ಸುಲಭಕ್ಕೆ ಬಾಗದ್ದು. ಡ್ರ್ಯಾಗ್ (ಮೀನು ಎಳೆದಾಗ ರೀಲ್ ದಾರ ಬಿಡುವುದನ್ನು ತಡೆಯುವ ಬಿಗಿ) ಚೆನ್ನಾಗಿ ಬಿಗಿ ಇರಲಿ. ಸಡಿಲ ಬಿಟ್ಟರೆ ಕೊರವ ಮೊದಲ ಓಟದಲ್ಲೇ ಜೊಂಡಿನ ಬುಡಕ್ಕೆ ಸುತ್ತಿಕೊಂಡು ಕೂರುತ್ತೆ.

ಎರಡನೆಯದು ಎಳೆಯುವ ಹೊತ್ತು. ಸದ್ದು ಕೇಳಿದ ಕ್ಷಣ ಎಳೆಯಬೇಡಿ. ಕೊರವ ಎಷ್ಟೋ ಸಲ ಮೊದಲ ಏಟಿಗೆ ಎರೆಯನ್ನು ನೀರೊಳಗೆ ಕೆಡವುತ್ತೆ, ಆಮೇಲೆ ಬಾಯಿ ಹಾಕುತ್ತೆ. ಸದ್ದಾದ ಕೂಡಲೇ ರಾಡ್‌ನ ತುದಿಯನ್ನು ನೀರಿನ ಕಡೆಗೆ ತಗ್ಗಿಸಿ, ಸಡಿಲ ದಾರವನ್ನು ರೀಲ್‌ನಿಂದ ಸುತ್ತಿಕೊಳ್ಳಿ. ದಾರದ ಆ ತುದಿಯಲ್ಲಿ ಭಾರ ತಿಳಿದ ಮೇಲೆ ಮೇಲಕ್ಕೆ ಜಗ್ಗಿ. ಒಂದೆರಡು ಸೆಕೆಂಡಿನ ಕೆಲಸ ಇದು. ಭಾರ ಸಿಗದಿದ್ದರೆ ಕಪ್ಪೆಯನ್ನು ಅಲ್ಲೇ ಬಿಟ್ಟು ಒಮ್ಮೆ ಅಲುಗಿಸಿ, ಇನ್ನೊಂದು ಏಟು ಬರುವುದುಂಟು.

ಇನ್ನು ಕಪ್ಪೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಹಿಸುಕಿ. ಎರಡೂ ಮೊನೆ ಮೈಯಿಂದ ಸ್ಪಷ್ಟವಾಗಿ ಹೊರಬರಬೇಕು. ಬಲ ಹಾಕಿ ಹಿಸುಕಿದರೂ ಬರದಿದ್ದರೆ ಆ ಕಪ್ಪೆಯ ಮೈ ಗಡುಸು. ಅಗ್ಗದ ಕಪ್ಪೆಗಳ ದೊಡ್ಡ ದೋಷವೇ ಇದು, ಕಣ್ಣು ಬಣ್ಣ ಎಲ್ಲ ಅಂದವಾಗಿರುತ್ತೆ, ಮೈ ಮಾತ್ರ ಬಗ್ಗಲ್ಲ. ಮೈ ಮೆತ್ತಗಿದ್ದೂ ಮೀನು ತಪ್ಪುತ್ತಿದ್ದರೆ ಇಕ್ಕಳದಿಂದ ಎರಡೂ ಕೊಕ್ಕೆಗಳನ್ನು ಒಂದೆರಡು ಮಿಲಿಮೀಟರ್ ಹೊರಕ್ಕೆ, ಸ್ವಲ್ಪ ಮೇಲಕ್ಕೆ ಬಗ್ಗಿಸಿ. ಅದಕ್ಕಿಂತ ಹೆಚ್ಚು ಬಗ್ಗಿಸಿದರೆ ಕಳೆಯೆಲ್ಲ ಹೊತ್ತು ತರುತ್ತೆ.

ಕೊಕ್ಕೆಯ ಕಾಂಡ ಹೊರಬರುವ ತೂತು, ಮೂಗಿನ ತೂತು, ಎರಡರಿಂದಲೂ ನೀರು ಒಳಗೆ ಹೋಗುತ್ತೆ. ನೀರು ತುಂಬಿದ ಕಪ್ಪೆ ಹಿಂಭಾಗ ಇಳಿಸಿಕೊಂಡು ಸೊರಗಿ ನಿಲ್ಲುತ್ತೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ನಡೆದು ಬರಲ್ಲ. ನಾಲ್ಕೈದು ಎಸೆತಕ್ಕೊಮ್ಮೆ ತಲೆಕೆಳಗು ಮಾಡಿ ಹಿಸುಕಿ ನೀರು ತೆಗೆಯಿರಿ. ರಬ್ಬರ್ ಕಾಲುಗಳು ತುಂಬ ಉದ್ದವಿದ್ದರೆ ಮೀನು ಬರೀ ಕಾಲು ಹಿಡಿದು ಎಳೆಯುತ್ತೆ. ಕತ್ತರಿಯಿಂದ ಮೊಟಕು ಮಾಡಿ. ಒಂದು ಕಡೆಯದನ್ನು ಇನ್ನೊಂದಕ್ಕಿಂತ ಒಂದು ಸೆಂಟಿಮೀಟರ್ ಗಿಡ್ಡ ಬಿಟ್ಟರೆ ನಡಿಗೆ ಇನ್ನೂ ಸಲೀಸು. ನಮ್ಮ ಕೆರೆಗಳಿಗೆ 5ರಿಂದ 6 ಸೆಂಟಿಮೀಟರಿನ, 10ರಿಂದ 15 ಗ್ರಾಂ ತೂಗುವ ಕಪ್ಪೆ ಸಾಕು. ದಟ್ಟ ಕಳೆಗೆ ಭಾರದ್ದು: ಎಲೆಗಳು ಅಲುಗಿದರೆ ತಾನೇ ಕೆಳಗಿರುವ ಮೀನಿಗೆ ಸುಳಿವು ಸಿಗೋದು.

ಕೇಳದ ಒಂದು ವಿಷಯವನ್ನೂ ಸೇರಿಸುತ್ತೇವೆ. ಕೊರವ ಗಾಳಿ ಉಸಿರಾಡುವ ಮೀನು, ಆಗಾಗ ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಳ್ಳಲೇಬೇಕು. ಆಗ ನೀರಿನ ಮೇಲೆ ಒಂದು ಉಂಗುರ ಏಳುತ್ತೆ, ಮೆತ್ತನೆಯ ‘ಬ್ಲುಕ್’ ಸದ್ದೂ ಕೇಳುತ್ತೆ. ಉಂಗುರದ ಮೇಲೆಯೇ ಕಪ್ಪೆ ಎಸೆದರೆ ಮೀನು ಬೆದರಿ ಓಡುತ್ತೆ. ಎರಡು ಮೂರು ಮೀಟರ್ ಆಚೆಗೆ ಎಸೆದು, ಆ ಜಾಗದ ಪಕ್ಕದಲ್ಲಿ ಹಾಯುವಂತೆ ತನ್ನಿ.

ಕಾಟ್ಲಾ, ರೋಹು ಹಿಡಿಯಲು ಯಾವ ಲೂರ್ ಒಳ್ಳೆಯದು? ಕೆರೆಯಲ್ಲಿ ಮೀನು ಎಗರುವುದು ಕಾಣುತ್ತೆ, ತಗಡು ತಿರುಗುವ ಸ್ಪಿನ್ನರ್, ಚಮಚದಂಥ ಲೋಹದ ಸ್ಪೂನ್ ಯಾವುದಕ್ಕೂ ಬೀಳುತ್ತಿಲ್ಲ.
– ತುಮಕೂರಿನ ಓದುಗರು

ಯಾವುದೂ ಅಲ್ಲ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತೆ. ರೋಹು ನಡುನೀರಿನಲ್ಲಿ ಪಾಚಿ, ಕೊಳೆತ ಸೊಪ್ಪು ಮೇಯುತ್ತೆ, ಮೃಗಾಲ್ ತಳದ ಕೆಸರು ಕೆದಕುತ್ತೆ. ಓಡುವ ಮರಿಮೀನಿನಂತೆ ಕಾಣುವ ವಸ್ತುವನ್ನು ಅಟ್ಟಿಸಿಕೊಂಡು ಹೋಗುವುದು ಈ ಮೂರರ ಸ್ವಭಾವದಲ್ಲೇ ಇಲ್ಲ. ಸ್ಪೂನ್‌ಗೆ ಎಂದಾದರೂ ಕಾಟ್ಲಾ ಸಿಕ್ಕಿದರೆ ಕೊಕ್ಕೆ ಎಲ್ಲಿದೆ ನೋಡಿ, ಬಹುತೇಕ ಹೊಟ್ಟೆಗೋ ರೆಕ್ಕೆಗೋ ಚುಚ್ಚಿರುತ್ತೆ. ಇವಕ್ಕೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಅಂಟಿಗೆ ರಾಗಿ ಹಿಟ್ಟು ಕಲಸಿದ ಉಂಡೆಯೇ ಸರಿ.

ಅದೇ ಕೆರೆಯಲ್ಲಿ ಲೂರ್‌ಗೆ ಬೀಳುವ ಮೀನೂ ಇರುತ್ತವೆ: ಕೊರವ, ಅದರ ದೊಡ್ಡಣ್ಣ ಹೂಮುರ್ಲು, ಬಾಳೆ ಮೀನು. ಜಿಲೇಬಿ ಮೀನು (ತಿಲಾಪಿಯಾ) ಕೂಡ ಬೀಳುತ್ತೆ. ಆದರೆ ಅದರ ಬಾಯಿ ಚಿಕ್ಕದು. ಒಂದರಿಂದ ಎರಡು ಗ್ರಾಂ ಜಿಗ್ ಹೆಡ್ (ತಲೆಯಲ್ಲಿ ಭಾರದ ಗುಂಡಿರುವ ಕೊಕ್ಕೆ), ಅದರಲ್ಲಿ 8ನೇ ನಂಬರಿನ ಕೊಕ್ಕೆ, ಒಂದೂವರೆ ಇಂಚಿನ ರಬ್ಬರ್ ಹುಳು ಹಾಕಿ ನಿಧಾನಕ್ಕೆ ಎಳೆಯಿರಿ. ಬಾಳೆ ಮೀನಿನ ಹಲ್ಲು ಅರದಂತೆ ದಾರವನ್ನು ಉಜ್ಜುತ್ತೆ, ಅದಕ್ಕೆ 40 ಪೌಂಡಿಗೆ ಕಡಿಮೆಯ ಲೀಡರ್ ಬೇಡ.

ಮೂರು ಇಂಚಿನ ಪ್ಯಾಡಲ್ ಟೇಲ್‌ಗೆ (ಬಾಲ ಬಡಿಯುವ ರಬ್ಬರ್ ಮೀನು) 10 ಗ್ರಾಂ ಜಿಗ್ ಹೆಡ್ ಹಾಕಿದ್ದೇನೆ. ಹೇಮಾವತಿ ಹಿನ್ನೀರಿನಲ್ಲಿ ಎರಡು ಎಸೆತಕ್ಕೊಂದು ಕಳೆದುಕೊಳ್ಳುತ್ತಿದ್ದೇನೆ. ಉಳಿದದ್ದು ಗಿರಗಿರ ತಿರುಗಿ ದಾರವೆಲ್ಲ ಸುರುಳಿ.
– ಹಾಸನದ ಓದುಗರು

ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಕಳೆದುಹೋಗಲು ಕಾರಣ ತೂಕ. ಎರಡು ಮೂರು ಮೀಟರ್ ಆಳದ, ಸೆಳೆತವಿಲ್ಲದ ನೀರಿಗೆ 10 ಗ್ರಾಂ ವಿಪರೀತ. ಲೂರ್ ಕಲ್ಲಿನಂತೆ ಬಿದ್ದು ಮುಳುಗಿದ ಮರದ ಬೊಡ್ಡೆಗಳ ಸಂದಿಗೆ ಸೇರುತ್ತೆ. ಮೂರು ಇಂಚಿನದಕ್ಕೆ ಮೂರೂವರೆಯಿಂದ 5 ಗ್ರಾಂ ಹಾಕಿ. ಜೋರು ಗಾಳಿ ಇದ್ದರೆ, ಇಲ್ಲವೇ ನಾಲ್ಕೈದು ಮೀಟರ್ ಆಳಕ್ಕೆ ಇಳಿಸಬೇಕಿದ್ದರೆ 7 ಗ್ರಾಂ. ಹಗುರ ಲೂರ್ ದೂರ ಹೋಗಲ್ಲ ಅನಿಸಿದರೆ ರಾಡ್‌ನ ಹಿಡಿಯ ಮೇಲೆ ಬರೆದಿರುವ ಲೂರ್ ತೂಕದ ಅಂಕಿ ಓದಿ. 10–30 ಗ್ರಾಂ ಎಂದಿದ್ದರೆ ಆ ರಾಡ್ 4 ಗ್ರಾಂ ಎಸೆಯಲಾರದು, ನಿಮ್ಮ ತೋಳಿನ ತಪ್ಪಲ್ಲ.

ಲೂರ್ ನೀರಿಗೆ ಬಿದ್ದ ಕೂಡಲೇ ಎಣಿಸಲು ಶುರು ಮಾಡಿ. ದಾರ ಸಡಿಲವಾದರೆ ತಳ ಮುಟ್ಟಿತು ಎಂದರ್ಥ. ಎಂಟಕ್ಕೆ ಮುಟ್ಟಿದರೆ ಮುಂದಿನ ಎಸೆತದಲ್ಲಿ ಆರಕ್ಕೇ ಸುತ್ತಲು ಶುರು ಮಾಡಿ, ತಳದಿಂದ ಒಂದಿಷ್ಟು ಮೇಲೆಯೇ ಈಜಿ ಬರುತ್ತೆ.

ತಿರುಗೋದಕ್ಕೆ ಕಾರಣ ಪೋಣಿಸಿದ ರೀತಿ. ಪೋಣಿಸುವ ಮೊದಲು ಜಿಗ್ ಹೆಡ್ಡನ್ನು ರಬ್ಬರ್ ಮೀನಿನ ಪಕ್ಕ ಇಟ್ಟು, ತಲೆಗೆ ತಲೆ ಸಮ ಮಾಡಿ, ಕೊಕ್ಕೆಯ ಬಾಗು ಬೆನ್ನಿನ ಯಾವ ಜಾಗಕ್ಕೆ ಬರುತ್ತೆ ಅಂತ ಉಗುರಿನಿಂದ ಗುರುತು ಹಾಕಿ. ಮೂಗಿನ ನಟ್ಟನಡುವೆ ಚುಚ್ಚಿ, ಕೊಕ್ಕೆ ಮುಂದೆ ತಳ್ಳುವುದಕ್ಕಿಂತ ರಬ್ಬರನ್ನು ಕೊಕ್ಕೆಯ ಮೇಲೆ ಸ್ವಲ್ಪಸ್ವಲ್ಪ ಏರಿಸುತ್ತ ಹೋಗಿ, ಗುರುತಿನ ಜಾಗದಲ್ಲಿ ಬೆನ್ನಿನ ಗೆರೆಯ ಮೇಲೆಯೇ ಮೊನೆ ಹೊರತೆಗೆಯಿರಿ. ಮೇಲಿಂದ ನೋಡಿದರೆ ಮೂಗು, ಕೊಕ್ಕೆ, ಬಾಲ ಒಂದೇ ಗೆರೆಯಲ್ಲಿರಬೇಕು. ಮೊನೆ ಬೇಗ ಹೊರಬಂದಿದ್ದರೆ ಬೆನ್ನು ಗೂನಾಗುತ್ತೆ, ತಡವಾದರೆ ಮೈ ಮುದುಡುತ್ತೆ. ಎರಡೂ ನೀರಲ್ಲಿ ತಿರುಗುತ್ತವೆ. ತಪ್ಪಿದರೆ ಬಿಚ್ಚಿ ಮತ್ತೆ ಪೋಣಿಸಿ. ಮೂಗಿನ ತೂತು ದೊಡ್ಡದಾಗಿಬಿಟ್ಟರೆ ಅರ್ಧ ಸೆಂಟಿಮೀಟರ್ ಮೂಗನ್ನೇ ಕತ್ತರಿಸಿ ಹೊಸದಾಗಿ ಚುಚ್ಚಿ. ಎಸೆಯುವ ಮುನ್ನ ದಡದಲ್ಲೇ ಒಂದು ಮೀಟರ್ ಎಳೆದು ನೋಡಿ. ಬಾಲ ಬಡಿಯಬೇಕು, ಮೈ ಮಗುಚಬಾರದು.

ಕೊಕ್ಕೆಯ ಅಳತೆ ಹೇಳುವುದಾದರೆ ಮೂರು ಇಂಚಿಗೆ 1/0 ಅಥವಾ 2/0, ನಾಲ್ಕು ಇಂಚಿಗೆ 3/0, ಐದು ಇಂಚಿಗೆ 4/0ರಿಂದ 5/0 (ಸೊನ್ನೆಯ ಮುಂದಿನ ಅಂಕಿ ಹೆಚ್ಚಿದಷ್ಟೂ ಕೊಕ್ಕೆ ದೊಡ್ಡದು).

ಹಿನ್ನೀರಿನ ಬೊಡ್ಡೆಗಳ ನಡುವೆಯೇ ಎಸೆಯುತ್ತೀರಾದರೆ ಜಿಗ್ ಹೆಡ್ ಬಿಟ್ಟು ಟೆಕ್ಸಸ್ ರಿಗ್ (ಮೊನೆ ರಬ್ಬರಿನೊಳಗೆ ಅಡಗುವ ಜೋಡಣೆ) ಕಟ್ಟಿ. ಗುಂಡಿನಾಕಾರದ 5 ಗ್ರಾಂ ಸೀಸವನ್ನು ಮೊನಚು ಭಾಗ ರಾಡ್ ಕಡೆಗಿರುವಂತೆ ದಾರಕ್ಕೆ ಪೋಣಿಸಿ, ಆಮೇಲೆ ಕುತ್ತಿಗೆ ಬಾಗಿದ ಆಫ್‌ಸೆಟ್ ಕೊಕ್ಕೆ ಕಟ್ಟಿ. ಕೊಕ್ಕೆಯ ಮೊನೆಯನ್ನು ರಬ್ಬರ್ ಹುಳುವಿನ ಮೂಗಿನಿಂದ ಐದಾರು ಮಿಲಿಮೀಟರ್ ಒಳಗೆ ಬಿಟ್ಟು ಹೊಟ್ಟೆಯ ಕಡೆ ಹೊರತೆಗೆಯಿರಿ, ಕೊಕ್ಕೆಯನ್ನು ಕುತ್ತಿಗೆಯವರೆಗೂ ಎಳೆದುಕೊಂಡು ಅರ್ಧ ಸುತ್ತು ತಿರುಗಿಸಿ. ಈಗ ಹುಳುವನ್ನು ನೇರವಾಗಿ ತೂಗಾಡಲು ಬಿಟ್ಟು, ಬಾಗು ಎಲ್ಲಿಗೆ ಬರುತ್ತೋ ಅಲ್ಲಿ ಮೈಯೊಳಗೆ ಹಾಯಿಸಿ, ಮೊನೆಯನ್ನು ಬೆನ್ನಿನ ಚರ್ಮದ ಕೆಳಗೆ ಕೂದಲೆಳೆಯಷ್ಟು ಮಾತ್ರ ಹುದುಗಿಸಿ. ಹೆಚ್ಚು ಹುದುಗಿದರೆ ಬೊಡ್ಡೆಗೂ ಸಿಗಲ್ಲ, ಮೀನಿಗೂ ಸಿಗಲ್ಲ.

ರಬ್ಬರ್ ಮೀನುಗಳನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಜೋಡಿಸಿಟ್ಟಿದ್ದೆ. ಎರಡು ತಿಂಗಳ ನಂತರ ತೆರೆದರೆ ಡಬ್ಬದ ತಳವೇ ಕರಗಿ ಅಂಟಾಗಿದೆ. ಪಕ್ಕದಲ್ಲಿದ್ದ ಕ್ರ್ಯಾಂಕ್‌ಬೇಟ್‌ನ (ಮೀನಿನಾಕಾರದ ಗಟ್ಟಿ ಲೂರ್) ಬಣ್ಣವೂ ಹೋಗಿದೆ. ಕಳಪೆ ಮಾಲೇ?
– ಶಿವಮೊಗ್ಗದ ಓದುಗರು

ಮಾಲು ಸರಿಯಿದೆ, ಡಬ್ಬ ತಪ್ಪು. ರಬ್ಬರ್ ಮೀನು ಎಂದು ನಾವೆಲ್ಲ ಕರೆದರೂ ಹೆಚ್ಚಿನವು ರಬ್ಬರಲ್ಲ, ಪಿವಿಸಿ. ಪಿವಿಸಿ ಮೂಲತಃ ಗಟ್ಟಿ ವಸ್ತು, ನೀರಿನ ಪೈಪಿನದೇ ಜಾತಿ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸಿರುತ್ತಾರೆ. ಈ ಎಣ್ಣೆ ಒಳಗೇ ಇರದೆ ನಿಧಾನಕ್ಕೆ ಹೊರಗೆ ಜಿನುಗಿ, ತಾಗಿದ ವಸ್ತುವಿಗೆ ಇಳಿಯುತ್ತೆ. ಪಾಲಿಸ್ಟೈರೀನ್, ಎಬಿಎಸ್ ಪ್ಲಾಸ್ಟಿಕ್, ಲೂರ್‌ನ ಬಣ್ಣ ಇವೆಲ್ಲ ಆ ಎಣ್ಣೆಗೆ ಮೆದುವಾಗಿ ಕರಗುತ್ತವೆ. ಸೆಖೆ ಹೆಚ್ಚಾದಷ್ಟೂ ಬೇಗ.

ಡಬ್ಬದ ತಳದಲ್ಲಿ ತ್ರಿಕೋನದೊಳಗೊಂದು ಅಂಕಿ ಇರುತ್ತೆ. 5 ಎಂದಿದ್ದರೆ ಪಾಲಿಪ್ರೊಪಿಲೀನ್, 2 ಎಂದಿದ್ದರೆ ಗಟ್ಟಿ ಪಾಲಿಥೀನ್. ಇವೆರಡರಲ್ಲೂ ಇಡಬಹುದು. 6 ಎಂದಿದ್ದರೆ ಪಾಲಿಸ್ಟೈರೀನ್. ಗಾಜಿನಂತೆ ಹೊಳೆಯುವ, ಬಗ್ಗಿಸಿದರೆ ಚಟ್ಟೆಂದು ಒಡೆಯುವ ಅಗ್ಗದ ಡಬ್ಬಗಳು ಹೆಚ್ಚಾಗಿ ಇದೇ. ಎಲ್ಲಕ್ಕಿಂತ ಸುಲಭದ್ದು, ಕೊಂಡಾಗ ಬಂದ ಜಿಪ್ ಕವರಿನಲ್ಲೇ ಬಿಡುವುದು. ಒಳಗಿನ ಅಚ್ಚಿನ ತಟ್ಟೆಯನ್ನೂ ಬಿಸಾಡಬೇಡಿ, ಬಾಲ ಸೊಟ್ಟಗಾಗದಂತೆ ಕಾಯುವುದು ಅದೇ. ಕಪ್ಪು ಮತ್ತು ಬಿಳಿಯನ್ನು ಒಟ್ಟಿಗಿಟ್ಟರೆ ಬಿಳಿಗೆ ಕಪ್ಪು ಇಳಿಯುತ್ತೆ, ಮತ್ತೆ ಹೋಗಲ್ಲ.

ಇನ್ನೊಂದು ಜಾತಿ ಟಿಪಿಇ ಎಂಬ ವಸ್ತುವಿನದು. ಅದನ್ನು ನಾಲ್ಕು ಪಟ್ಟು ಎಳೆದರೂ ಹರಿಯಲ್ಲ, ನೀರಲ್ಲಿ ತೇಲುತ್ತೆ. ಮೀನು ಕಚ್ಚಿದರೂ ಬಹಳ ದಿನ ಬಾಳುತ್ತೆ ನಿಜ, ಆದರೆ ಪಿವಿಸಿ ಜೊತೆ ಒಂದೇ ಕವರಿನಲ್ಲಿ ಹಾಕಿದರೆ ಎರಡೂ ಸೇರಿ ಗೊಜ್ಜಾಗುತ್ತೆ. ಕವರಿನ ಮೇಲೆ ಮಾರ್ಕರ್‌ನಲ್ಲಿ ಬರೆದು ಬೇರೆಯೇ ಇಡಿ.

ಬಾಲ ಸೊಟ್ಟಗಾದ ಪಿವಿಸಿ ಮೀನನ್ನು ಎಸೆಯಬೇಕಿಲ್ಲ. ಕುದಿ ಬಂದು ಇಳಿಸಿದ ನೀರಿನಲ್ಲಿ ಬಾಲದ ಕಡೆಯಿಂದ ಹದಿನೈದಿಪ್ಪತ್ತು ಸೆಕೆಂಡ್ ಅದ್ದಿ, ಇಕ್ಕಳದಲ್ಲಿ ತೆಗೆದು ನೇರ ಮಾಡಿ, ತಣ್ಣೀರಿಗೆ ಹಾಕಿ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗದಿರಲಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಏಪ್ರಿಲ್ ಬಿಸಿಲಲ್ಲಿ ಬಿಟ್ಟದ್ದಕ್ಕೆ ಮಾತ್ರ ಪರಿಹಾರವಿಲ್ಲ.

ಹರಿದ ಹಳೆಯವನ್ನೆಲ್ಲ ಕರಗಿಸಿ ಅಚ್ಚಿಗೆ ಹೊಯ್ಯಬಹುದಾ?
– ಬೆಳಗಾವಿಯ ಓದುಗರು

ಮನೆಯೊಳಗೆ ಖಂಡಿತ ಬೇಡ. ಪಿವಿಸಿ ಹೊಯ್ಯುವ ಹದಕ್ಕೆ ಬರೋದು ಸುಮಾರು 170–180 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶಾಖ ಮಿತಿಮೀರಿ ಹಳದಿಗೆ ತಿರುಗಿತೆಂದರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತೆ, ಕಣ್ಣು ಗಂಟಲು ಉರಿಸುವ ಹೊಗೆ ಅದು. ಹಳೆಯ ಹುಳುಗಳಲ್ಲಿ ಕೆರೆಯ ನೀರಿನ ಪಸೆ ಉಳಿದಿದ್ದರೆ ಕುದಿವ ಪ್ಲಾಸ್ಟಿಕ್ ಸಿಡಿದು ಮೈಗೆ ಅಂಟುತ್ತೆ. ಟಿಪಿಇ ಒಂದು ತುಂಡು ಸೇರಿದರಂತೂ ಇಡೀ ಪಾಕ ಕೆಟ್ಟಿತು.

ಹರಿದದ್ದನ್ನು ಬೆಸೆಯಲು ಸುಲಭದ ದಾರಿ ಇದೆ. ಹಳೆಯ ಚಾಕುವಿನ ಅಲಗು ಕಾಯಿಸಿ, ಹರಿದ ಎರಡೂ ಅಂಚಿನ ನಡುವೆ ಒಂದು ಕ್ಷಣ ಇಟ್ಟು ತೆಗೆದು, ಅಂಚುಗಳನ್ನು ಒತ್ತಿ ಹಿಡಿಯಿರಿ. ಗಾಳಿಯಾಡುವ ಜಾಗದಲ್ಲಿ ಮಾಡಿ. ಮೂಗು ಜಿಗ್ ಹೆಡ್‌ನಿಂದ ಜಾರುತ್ತಿದ್ದರೆ ಒಂದು ಹನಿ ಸೂಪರ್ ಗ್ಲೂ ಸಾಕು. ಟಿಪಿಇಗೆ ಆ ಅಂಟು ಸರಿಯಾಗಿ ಹಿಡಿಯಲ್ಲ. ಕೆಲಸಕ್ಕೆ ಬಾರದ ತುಂಡುಗಳನ್ನು ನೀರಿಗೆ ಎಸೆಯದೆ ಜೇಬಿಗೆ ಹಾಕಿಕೊಂಡು ಬನ್ನಿ. ನುಂಗಿದ ಮೀನಿಗೆ ಅದು ಅರಗಲ್ಲ.

ಕೆಂಪು ನೀರಿಗೆ ಯಾವ ಬಣ್ಣ, ತಿಳಿನೀರಿಗೆ ಯಾವ ಬಣ್ಣ?
– ಚಿತ್ರದುರ್ಗ, ಕೋಲಾರ ಮತ್ತು ಇತರೆಡೆಯ ಓದುಗರು

ಲೂರನ್ನು ದಡದಲ್ಲಿ ನೀರಿಗಿಳಿಸಿ. ಒಂದಡಿಯೊಳಗೇ ಕಣ್ಮರೆಯಾದರೆ ಕಪ್ಪು ಅಥವಾ ಗಿಳಿಹಸಿರು ಹಾಕಿ. ಅದಕ್ಕಿಂತ ಮುಖ್ಯವಾಗಿ ನೀರನ್ನು ಅಲುಗಿಸುವಂಥದ್ದು ಬೇಕು: ದಪ್ಪ ಬಾಲ, ಸ್ಪಿನ್ನರ್‌ನ ತಿರುಗುವ ತಗಡು. ಒಂದು ಮೀಟರ್ ಆಚೆಗೂ ಕಂಡರೆ ಬೆಳ್ಳಿ, ಕಂದು, ಮರಿಮೀನಿನ ಬಣ್ಣ. ಕಪ್ಪೆ ಲೂರ್‌ನ ಬೆನ್ನಿನ ಚಿತ್ತಾರ ನಿಮಗೆ ಮಾತ್ರ ಕಾಣೋದು. ಮೀನಿಗೆ ಕಾಣೋದು ಹೊಟ್ಟೆ.

ಕಾವೇರಿಯಲ್ಲಿ ಮಹಶೀರ್‌ಗೆ ಸ್ಪೂನ್ ಹಾಕಬೇಕೆಂದಿದ್ದೇನೆ. ಎಷ್ಟು ಗ್ರಾಂ?
– ಬೆಂಗಳೂರಿನ ಓದುಗರು

ಗ್ರಾಂ ಆಮೇಲೆ, ಜಾಗ ಮೊದಲು. ಕಾವೇರಿ ವನ್ಯಜೀವಿಧಾಮದೊಳಗಿನ ಹೊಳೆಯಲ್ಲಿ ಗಾಳ ಹಾಕುವಂತಿಲ್ಲ. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ರಾಗಿ ಮುದ್ದೆಗೆ ಮಹಶೀರ್ ಹಿಡಿದು ಬಿಡುತ್ತಿದ್ದ ಕಾಲ ಮುಗಿದಿದೆ. ಶೃಂಗೇರಿ, ಶಿಶಿಲದಂಥ ದೇವರ ಮೀನಿನ ಗುಂಡಿಗಳ ಹತ್ತಿರವೂ ಸುಳಿಯಬೇಡಿ. ಕಾವೇರಿಯ ಡುಬ್ಬದ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಕೆಂಪುಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಮೀನು ಎಂದು ಸೇರಿತು.

ಅನುಮತಿ ಇರುವ ಬೇರೆ ಹೊಳೆಗಳಲ್ಲಿ, ಸೊಂಟದಾಳದ ಹರಿವಿಗೆ 12ರಿಂದ 18 ಗ್ರಾಂ ಸ್ಪೂನ್ ಸರಿಹೋಗುತ್ತೆ. ಮೂರು ಮೊನೆಯ ಟ್ರೆಬಲ್ ಕೊಕ್ಕೆಯನ್ನು ಬಿಚ್ಚಿ ಒಂಟಿ ಕೊಕ್ಕೆ ಹಾಕಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಒಂಟಿ ಕೊಕ್ಕೆಯ ತೂಕ ತೆಗೆದ ಟ್ರೆಬಲ್‌ಗೆ ಹತ್ತಿರವಿರಲಿ, ತೀರ ಹಗುರವಾದರೆ ಸ್ಪೂನ್ ಓಲಾಡುವ ಬದಲು ಸುತ್ತತೊಡಗುತ್ತೆ. ಸ್ಪೂನ್‌ನ ಹಿಂದೆ ಮುಂದೆ ಎರಡೂ ಕಡೆ ಇರುವ ಸ್ಪ್ಲಿಟ್ ರಿಂಗ್‌ಗಳನ್ನೂ (ಕೀಲಿಗೊಂಚಲಿನದಂಥ ತಂತಿ ಉಂಗುರ) ಬದಲಿಸಿ. ಅಂಗಡಿಯಿಂದ ಬಂದ ತೆಳು ರಿಂಗ್‌ಗಳನ್ನು ಮಹಶೀರ್ ಎಳೆದು ನೇರ ತಂತಿ ಮಾಡಿಬಿಡುತ್ತೆ. ಹಿಡಿದ ಮೀನನ್ನು ನೀರಿನಲ್ಲೇ ಬಿಡಿಸಿ ಕಳಿಸಿ.

ಮಳೆ ಶುರುವಾದ ಮೇಲೆ ಕೆರೆಯಂಚಿನಲ್ಲಿ ಕೆಂಪು ಮರಿಗಳ ಗುಂಪು ತೇಲುತ್ತೆ. ಅದರ ಮಧ್ಯೆ ಕಪ್ಪೆ ಬಿಟ್ಟರೆ ದೊಡ್ಡ ಕೊರವ ಗ್ಯಾರಂಟಿ ಅನ್ನುತ್ತಾರೆ. ನಿಜವೇ?
– ದಾವಣಗೆರೆಯ ಓದುಗರು

ನಿಜ, ಆದರೂ ಮಾಡಬೇಡಿ. ಕೊರವನ ಜೋಡಿ ಮರಿಗಳನ್ನು ಕಾಯುತ್ತೆ, ಹತ್ತಿರ ಬಂದದ್ದನ್ನು ಹಸಿವಿಲ್ಲದಿದ್ದರೂ ಕಚ್ಚಿ ಅಟ್ಟುತ್ತೆ. ಕಾವಲಿನ ಮೀನು ಹೋದರೆ ಜಿಲೇಬಿ, ಕೊಕ್ಕರೆ, ನೀರುಕಾಗೆಗಳು ಆ ಗುಂಪನ್ನು ಉಳಿಸಲ್ಲ. ಒಂದು ಮೀನಿಗೆ ಒಂದು ವರ್ಷದ ಪೀಳಿಗೆ ತೆತ್ತಂತೆ. ಆ ಮೂಲೆ ಬಿಟ್ಟು ಐವತ್ತು ಹೆಜ್ಜೆ ಆಚೆ ಎಸೆಯಿರಿ. ಅಂದ ಹಾಗೆ, ಬಹಳಷ್ಟು ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತೆ. ಗುತ್ತಿಗೆದಾರರನ್ನೋ ಮೀನುಗಾರರ ಸಂಘವನ್ನೋ ಕೇಳಿಯೇ ದಾರ ಬಿಡಿ.

ಹೊಸ ಕ್ರ್ಯಾಂಕ್‌ಬೇಟ್ ಎಳೆದಾಗಲೆಲ್ಲ ಒಂದೇ ಪಕ್ಕಕ್ಕೆ ವಾಲಿಕೊಂಡು ಬರುತ್ತೆ.
– ಕೊಪ್ಪಳದ ಓದುಗರು

ದಾರ ಕಟ್ಟುವ ಬಳೆ ಓರೆಯಾಗಿದೆ. ಲೂರ್‌ನ ಮೂಗು ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಎಳೆದಾಗ ಅದು ನಿಮ್ಮ ಬಲಕ್ಕೆ ವಾಲುತ್ತಿದ್ದರೆ ಸಣ್ಣ ಇಕ್ಕಳದಿಂದ ಬಳೆಯನ್ನು ನಿಮ್ಮ ಎಡಕ್ಕೆ ಬಗ್ಗಿಸಿ, ಎಡಕ್ಕೆ ವಾಲಿದರೆ ಬಲಕ್ಕೆ. ಒಮ್ಮೆಗೆ ಕಣ್ಣಿಗೆ ಕಾಣುವುದಕ್ಕಿಂತ ಕಡಿಮೆ ಬಗ್ಗಿಸಿ, ನೀರಲ್ಲಿ ನೋಡಿ, ಮತ್ತೆ ಬಗ್ಗಿಸಿ. ಬಳೆಯನ್ನು ತಿರುಚಬೇಡಿ, ಬುಡ ಸಡಿಲವಾದರೆ ಲೂರ್‌ನೊಳಗೆ ನೀರು ಇಳಿಯುತ್ತೆ. ಹೀಗೆ ಮಾಡಿಯೂ ವಾಲಿದರೆ ಗಂಟು ನೋಡಿ: ಬಳೆಯ ಒಂದು ಪಕ್ಕಕ್ಕೆ ಬಿಗಿದು ಕೂತಿರುತ್ತೆ. ಸಣ್ಣ ಸ್ನ್ಯಾಪ್ (ತೆರೆದು ಮುಚ್ಚುವ ತಂತಿ ಕೊಂಡಿ) ಹಾಕಿದರೆ ಅದೂ ಸರಿಹೋಗುತ್ತೆ.